ಹಣ್ಣಿನ ಮಂಡಿಯಲ್ಲಿ ಕಥೆ ಕಟ್ಟುವ ಮಕ್ಕಳು: ಜೋಹಾನ್ಸ್‌ಬರ್ಗ್‌ನಲ್ಲಿ ಐದು ದಿನ

ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ವರ್ಷಕ್ಕೊಂದು ನಾಟಕ ಮಕ್ಕಳ ಕೈಯಲ್ಲಿ ಮಾಡಿಸುತ್ತೇನೆ. ಹೆಗ್ಗೋಡು ನಮಗೆ ಹತ್ತಿರ. ನಾಟಕ ಇದೆ ಅಂದರೆ ಸಂಜೆ ಕೆಲಸ ಬೇಗ ಮುಗಿಸಿ ಹೊರಡುವ ಸೀಮೆ ನಮ್ಮದು. ಅಕ್ಕನ ಮಗ ಜೋಹಾನ್ಸ್‌ಬರ್ಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. “ಚಿಕ್ಕಮ್ಮ, ಒಂದ್ಸಲ ಬಾ, ಸಿಂಹ ತೋರಿಸ್ತೀನಿ” ಅಂತ ಮೂರು ವರ್ಷದಿಂದ ಕರೆಯುತ್ತಿದ್ದ. ದಸರಾ ರಜೆಯಲ್ಲಿ ಹೋಗಿಬಂದೆ. ಸಿಂಹ ನೋಡಲಿಲ್ಲ. ನನಗೆ ನೋಡಬೇಕಿದ್ದದ್ದು ಬೇರೆ. ಮಾರ್ಕೆಟ್ ಥಿಯೇಟರ್, ಮತ್ತು ಅದರ ನಾಟಕ ಶಾಲೆ. ಅಲ್ಲಿಯವರು ಅದನ್ನು ಸುಮ್ನೆ ‘ಲ್ಯಾಬ್’ ಅನ್ನುತ್ತಾರೆ. ಅದು ಶುರುವಾಗಿದ್ದು 1989ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದರು. ಎರಡಕ್ಕೂ ಸಂಬಂಧ ಏನೂ ಇಲ್ಲ. ಆದರೂ ಆ ಇಸವಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಮೊದಲ ದಿನ: ನೇರಳೆ ಬೀದಿಗಳು

ಮುಂಬೈ, ಅಡಿಸ್ ಅಬಾಬ ದಾಟಿ ಮಧ್ಯಾಹ್ನ ಇಳಿದೆ. ವಿಮಾನ ನಿಲ್ದಾಣದಿಂದಲೇ ಗೌಟ್ರೇನ್ ಅನ್ನುವ ವೇಗದ ರೈಲು ಇದೆ. ಅಕ್ಕನ ಮಗ ರೋಸ್‌ಬ್ಯಾಂಕ್ ಹತ್ತಿರ ಇರುವುದರಿಂದ ಅದರಲ್ಲೇ ಹೋದೆವು.

ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ನಿಂತುಬಿಟ್ಟೆ. ರಸ್ತೆಯ ಎರಡೂ ಬದಿ ಜಕರಂಡ. ಎಲೆ ಕಾಣುವುದೇ ಇಲ್ಲ, ಬರೀ ಹೂವು. ಕೆಳಗೆ ಕಾರುಗಳ ಮೇಲೆಲ್ಲ ನೇರಳೆ ಹಾಸು. ಬೆಂಗಳೂರಿನಲ್ಲಿ ಈ ಹೂವು ಬೇಸಿಗೆ ಹತ್ತಿರವಾಗುವಾಗ ಬಿಡುತ್ತದೆ ಅಲ್ವಾ? ಅಲ್ಲಿ ಅಕ್ಟೋಬರ್ ಅಂದರೆ ಅದೇ ಕಾಲ. ಚಳಿ ಮುಗಿದು ಮೊದಲ ಮಳೆ ಬರುವ ಹೊತ್ತು.

ಊರು ಸಮುದ್ರಮಟ್ಟದಿಂದ 1,700 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಹೆಚ್ಚುಕಡಿಮೆ ಬೆಂಗಳೂರಿನ ಎರಡು ಪಟ್ಟು. ಬಿಸಿಲು ಚುಚ್ಚುತ್ತದೆ, ಆದರೆ ಬೆವರಿಲ್ಲ. ತುಟಿ ಒಡೆಯುತ್ತದೆ. ಸಂಜೆ ಆರು ಗಂಟೆಗೆ ಸ್ವೆಟರ್ ಬೇಕೇ ಬೇಕು. ನಾನು ಕೊಬ್ಬರಿ ಎಣ್ಣೆಯ ಸಣ್ಣ ಡಬ್ಬಿ ತಂದದ್ದು ಐದೂ ದಿನ ಉಪಯೋಗಕ್ಕೆ ಬಂತು.

ರಾತ್ರಿ ಅನ್ನ, ಸಾರು. ಅಕ್ಕ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಬಿಚ್ಚಿದಾಗ ಹುಡುಗನ ಮುಖ ನೋಡಬೇಕಿತ್ತು. “ನಾಳೆ ಎಲ್ಲಿಗೆ ಚಿಕ್ಕಮ್ಮ?” ಅಂದ. “ನ್ಯೂಟೌನ್” ಅಂದೆ. ಸ್ವಲ್ಪ ಯೋಚಿಸಿದ. “ಸರಿ, ಆದರೆ ಮೊಬೈಲ್ ಕೈಯಲ್ಲಿ ಹಿಡ್ಕೊಂಡು ಓಡಾಡಬೇಡ. ಪಾರ್ಕ್ ಸ್ಟೇಷನ್‌ನಿಂದ ನಡೀಬೇಡ, ಹತ್ತಿರ ಆದ್ರೂ ಕ್ಯಾಬ್ ಮಾಡ್ಕೋ.” ಹಾಗೇ ಮಾಡಿದೆ. ಹೋಗುವವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಎರಡನೇ ದಿನ: ಹೊಸಪೇಟೆ

ನ್ಯೂಟೌನ್ ಅಂದರೆ ಹೊಸಪೇಟೆ. ಹೆಸರಿನ ಹಿಂದೆ ಒಂದು ಸಂಕಟದ ಕಥೆ ಇದೆ. ನೂರು ವರ್ಷಕ್ಕೂ ಹಿಂದೆ ಇಲ್ಲಿ ‘ಕೂಲಿ ಲೊಕೇಶನ್’ ಅನ್ನುವ ಕೇರಿ ಇತ್ತು. ನಮ್ಮ ದೇಶದಿಂದ ಹೋದ ಬಡವರು, ಅವರ ಜೊತೆ ಕರಿಯ ಕೂಲಿಕಾರರು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು. 1904ರಲ್ಲಿ ಪ್ಲೇಗ್ ಬಂತು. ಆಗ ಇದೇ ಊರಿನಲ್ಲಿ ವಕೀಲರಾಗಿದ್ದ ಗಾಂಧಿ ರೋಗಿಗಳ ಸೇವೆಗೆ ನಿಂತರು. ಸರ್ಕಾರ ಜನರನ್ನು ಊರಾಚೆ ಕ್ಲಿಪ್‌ಸ್ಪ್ರೈಟ್‌ಗೆ ಸಾಗಿಸಿ ಇಡೀ ಕೇರಿಗೆ ಬೆಂಕಿ ಇಟ್ಟಿತು. ಸುಟ್ಟ ಜಾಗದಲ್ಲಿ ಎದ್ದದ್ದು ಈ ಹೊಸಪೇಟೆ. ಜನರನ್ನು ಕಳಿಸಿದ ಆ ದೂರದ ಜಾಗ ಮುಂದೆ ಸೊವೆಟೋ ಅನ್ನುವ ಕರಿಯರ ದೊಡ್ಡ ಬಡಾವಣೆಯಾಗಿ ಬೆಳೆಯಿತು.

ಇದನ್ನೆಲ್ಲ ಮೊದಲೇ ಓದಿದ್ದೆ. ಆದರೆ ಮೇರಿ ಫಿಟ್ಜೆರಾಲ್ಡ್ ಚೌಕದಲ್ಲಿ ನಿಂತಾಗ ಕಾಲ ಕೆಳಗಿನ ನೆಲ ಬೇರೆಯೇ ಅನ್ನಿಸಿತು. ಎದುರಿಗೆ ಮಾರ್ಕೆಟ್ ಥಿಯೇಟರ್. 1913ರಲ್ಲಿ ಕಟ್ಟಿದ ಹಣ್ಣಿನ ಮಂಡಿ ಅದು. ‘ಇಂಡಿಯನ್ ಫ್ರೂಟ್ ಮಾರ್ಕೆಟ್’ ಅಂತಲೇ ಹೆಸರು. ಮುಂದೆ ಮಂಡಿ ಸಿಟಿ ಡೀಪ್ ಕಡೆಗೆ ಹೋಯಿತು, ಕಟ್ಟಡ ಖಾಲಿ ಬಿತ್ತು. ಬಾರ್ನಿ ಸೈಮನ್ ಎಂಬ ನಿರ್ದೇಶಕ, ಮ್ಯಾನಿ ಮ್ಯಾನಿಮ್ ಎಂಬ ನಿರ್ಮಾಪಕ, ಇಬ್ಬರೂ ಗೆಳೆಯರನ್ನು ಕಟ್ಟಿಕೊಂಡು ಅದನ್ನು ರಂಗಮಂದಿರ ಮಾಡಿದರು.

ತೆರೆದ ದಿನ ಯಾವುದು ಗೊತ್ತಾ? 21 ಜೂನ್ 1976. ಅದಕ್ಕೆ ಐದೇ ದಿನ ಮೊದಲು ಸೊವೆಟೋದಲ್ಲಿ ಶಾಲೆಯ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಊರೆಲ್ಲ ಹೊಗೆ, ಭಯ. ಅಂಥ ವಾರದಲ್ಲಿ ಚೆಕಾವ್‌ನ ನಾಟಕ ಒಂದರಿಂದ ಬಾಗಿಲು ತೆರೆಯಿತು. ಬಿಳಿಯರು ಬೇರೆ, ಕರಿಯರು ಬೇರೆ ಕೂರಬೇಕು ಅಂತ ಕಾನೂನು ಹೇಳುತ್ತಿದ್ದ ಕಾಲ. ಇಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ನಾಟಕ ನೋಡಿದರು. ಒಂದೇ ವೇದಿಕೆ ಮೇಲೆ ನಟಿಸಿದರು.

ಒಳಗೆ ಮೂರು ರಂಗಮಂದಿರಗಳಿವೆ. ಒಂದಕ್ಕೆ ನಟ ಜಾನ್ ಕಾನಿ ಹೆಸರು, ಒಂದಕ್ಕೆ ಮ್ಯಾನಿ ಮ್ಯಾನಿಮ್, ಒಂದಕ್ಕೆ ಬಾರ್ನಿ ಸೈಮನ್. ಬಾಗಿಲ ಬಳಿ ಇದ್ದ ಸೆಕ್ಯುರಿಟಿಯವರು ವಯಸ್ಸಾದವರು. ನಾನು ಮೇಲೆ ನೋಡುತ್ತ ನಿಂತದ್ದು ಕಂಡು ಹತ್ತಿರ ಬಂದರು. “ಎಲ್ಲಿಂದ ಬಂದಿರಿ, ಮಾಮಾ?” ಅಂದರು. ನನಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಅಲ್ಲಿ ತಾಯಿಯ ವಯಸ್ಸಿನ ಹೆಂಗಸನ್ನು ಮಾಮಾ ಅನ್ನುತ್ತಾರೆ, ಚಿಕ್ಕದಾಗಿ ಮಾ. ಅವರ ಅಪ್ಪ ಇದೇ ಮಂಡಿಯಲ್ಲಿ ಬಾಳೆಗೊನೆ ಹೊರುತ್ತಿದ್ದರಂತೆ. “ಅಪ್ಪ ಬೆನ್ನ ಮೇಲೆ ಹೊತ್ತು ಒಳಗೆ ಬರುತ್ತಿದ್ದ. ನಾನು ಇಲ್ಲಿ ಟಿಕೆಟ್ ನೋಡಿ ಜನರನ್ನು ಒಳಗೆ ಬಿಡುತ್ತೇನೆ” ಅಂದರು. ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಊಟಕ್ಕೆ ಪಕ್ಕದ ಫೋರ್ಡ್ಸ್‌ಬರ್ಗ್‌ಗೆ ಹೋದೆ. ದಾರಿಯಲ್ಲಿ ಹಮಿದಿಯಾ ಮಸೀದಿ. 16 ಆಗಸ್ಟ್ 1908ರಂದು ಅದರ ಮುಂದೆಯೇ, ಭಾರತೀಯರ ಮೇಲೆ ಸರ್ಕಾರ ಹೇರಿದ್ದ ನೋಂದಣಿ ಕಾನೂನು ಬೇಡ ಅಂತ, ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಚೀಟಿಗಳನ್ನು ಜನ ಸುಟ್ಟಿದ್ದರು. ಅಲ್ಲೊಂದು ಸ್ಮಾರಕವಿದೆ. ಸ್ವಲ್ಪ ಹೊತ್ತು ನಿಂತೆ.

ಫೋರ್ಡ್ಸ್‌ಬರ್ಗ್‌ನಲ್ಲಿ ಬೀದಿ ತುಂಬ ಮಸಾಲೆ ವಾಸನೆ. ಬೀನ್ಸ್ ಬನ್ನಿ ಚೌ ತಿಂದೆ. ಅರ್ಧ ಬ್ರೆಡ್ಡಿನ ಹೊಟ್ಟೆ ಕೊರೆದು ಅದರಲ್ಲಿ ಹುರುಳಿಕಾಳಿನ ಗಾತ್ರದ್ದಲ್ಲ, ದಪ್ಪ ಬೀನ್ಸ್ ಕಾಳಿನ ಗಸಿ ತುಂಬಿಸಿ ಕೊಡುತ್ತಾರೆ. ಇದು ಡರ್ಬನ್ನಿನ ನಮ್ಮ ಜನ ಕಂಡುಹಿಡಿದ ಊಟ. ತೆಗೆದ ಬ್ರೆಡ್ಡಿನ ತಿರುಳನ್ನು ಮೇಲೆ ಮುಚ್ಚಳದ ಹಾಗೆ ಇಟ್ಟಿರುತ್ತಾರೆ. ಮೊದಲು ಅದನ್ನು ಗಸಿಗೆ ಅದ್ದಿ ತಿನ್ನಬೇಕು, ಆಮೇಲೆ ಗೋಡೆ ಮುರಿಯಬೇಕು. ಸಸ್ಯಾಹಾರಿಗಳು ‘ಬೀನ್ಸ್’ ಅಂತ ಎರಡು ಸಲ ಹೇಳಿ. ಸುಮ್ಮನೆ ಬನ್ನಿ ಅಂದರೆ ಕುರಿಮಾಂಸ ಬರುವ ಸಂಭವ ಜಾಸ್ತಿ.

ಮೂರನೇ ದಿನ: ಲ್ಯಾಬ್

ಈ ದಿನಕ್ಕಾಗಿಯೇ ನಾನು ಬಂದದ್ದು. ಎರಡು ತಿಂಗಳು ಮೊದಲೇ ಪತ್ರ ಬರೆದಿದ್ದೆ. ಹಳ್ಳಿ ಶಾಲೆಯ ಟೀಚರು, ನಾಟಕ ಮಾಡಿಸುತ್ತೇನೆ, ಒಂದು ತರಗತಿ ಮೂಲೆಯಲ್ಲಿ ಕೂತು ನೋಡಬಹುದೇ ಅಂತ. ಬನ್ನಿ ಅಂದಿದ್ದರು. ಹೀಗೆ ಕೇಳುವುದಕ್ಕೆ ಸಂಕೋಚ ಬೇಡ.

ಲ್ಯಾಬ್ ಮೊದಲು ನ್ಯೂಟೌನ್‌ನ ಹಳೇ ಬಸ್ ಕಾರ್ಖಾನೆಯ ಕಟ್ಟಡದಲ್ಲಿತ್ತು. ಈಗ ಥಿಯೇಟರಿನ ಹತ್ತಿರವೇ ಹೊಸ ಕಟ್ಟಡ ಇದೆ. ಅದರೊಳಗಿನ ರಂಗಮಂದಿರಕ್ಕೆ ನಟ ರಮೊಲಾವ್ ಮಖೇನೆ ಅವರ ಹೆಸರು. ಬಾರ್ನಿ ಸೈಮನ್ ಮತ್ತು ಜಾನ್ ಕಾನಿ ಸೇರಿ ಇದನ್ನು ಶುರುಮಾಡಿದಾಗ ವರ್ಣಭೇದದ ಆಡಳಿತ ಇನ್ನೂ ಮುಗಿದಿರಲಿಲ್ಲ. ಟೌನ್‌ಶಿಪ್ ಅಂದರೆ ಕರಿಯರಿಗೆ ಅಂತ ಊರಾಚೆ ಕಟ್ಟಿದ ಬಡಾವಣೆ. ಅಲ್ಲಿನ ಹುಡುಗ ಹುಡುಗಿಯರಿಗೆ ಒಳ್ಳೆ ನಾಟಕ ಶಾಲೆಗೆ ದಾರಿಯೇ ಇರಲಿಲ್ಲ. ಅವರಿಗಾಗಿ ತೆರೆದ ಬಾಗಿಲು ಇದು. ಕಾನಿ ಅವರಿಗೆ ಆ ಕಷ್ಟ ಗೊತ್ತಿತ್ತು. ಅವರೂ ಆಗಿನ ಪೋರ್ಟ್ ಎಲಿಜಬೆತ್ ಹತ್ತಿರದ ನ್ಯೂ ಬ್ರೈಟನ್ ಟೌನ್‌ಶಿಪ್ಪಿನವರು. ಕಾರು ಕಾರ್ಖಾನೆಯಲ್ಲಿ ದುಡಿಯುತ್ತ ನಾಟಕ ಮಾಡಿದವರು. 1975ರಲ್ಲಿ ನ್ಯೂಯಾರ್ಕಿನಲ್ಲಿ ಟೋನಿ ಪ್ರಶಸ್ತಿ ಪಡೆದರು.

ಎರಡು ವರ್ಷದ ಪೂರ್ಣಾವಧಿ ಕಲಿಕೆ. ಆಡಿಷನ್ ಮಾಡಿ ಆರಿಸುತ್ತಾರೆ. ಅಭಿನಯ, ಧ್ವನಿ, ದೇಹದ ಚಲನೆ ಇವೆಲ್ಲ ಇವೆ. ಆದರೆ ಎಲ್ಲಕ್ಕಿಂತ ಮುಖ್ಯ, ಸ್ವಂತ ನಾಟಕ ಕಟ್ಟುವುದು. ಬೇರೆಯವರು ಬರೆದದ್ದನ್ನು ಚೆನ್ನಾಗಿ ಒಪ್ಪಿಸಿದರೆ ಸಾಲದು.

ನಾನು ಕೂತ ಕೋಣೆಯಲ್ಲಿ ಮರದ ನೆಲ. ಒಂದು ಗೋಡೆಯ ಪಕ್ಕ ಚಪ್ಪಲಿಗಳ ಸಾಲು. ಮಕ್ಕಳು ಅಂದರೆ ಇಪ್ಪತ್ತರ ಆಸುಪಾಸಿನವರು. ಹಿಂದಿನ ದಿನ ಅವರಿಗೊಂದು ಕೆಲಸ ಕೊಟ್ಟಿದ್ದರು. ಬ್ರೀ ಟ್ಯಾಕ್ಸಿ ನಿಲ್ದಾಣದ ಸುತ್ತ ಹೋಗಿ. ಒಬ್ಬರನ್ನು ಮಾತ್ರ ನೋಡಿ. ಕಾಗದ ಬೇಡ, ಮೊಬೈಲ್ ಬೇಡ. ನೋಡಿದ್ದನ್ನು ಮೈಯಲ್ಲಿ ತುಂಬಿಕೊಂಡು ಬನ್ನಿ.

ಇದು ಬಾರ್ನಿ ಸೈಮನ್‌ನ ದಾರಿ. ನಟರನ್ನು ಬೀದಿಗೆ ಅಟ್ಟುತ್ತಿದ್ದ. ಅವರು ಹೊತ್ತು ತಂದ ಮನುಷ್ಯರಿಂದಲೇ ನಾಟಕ ಹೆಣೆಯುತ್ತಿದ್ದ. ಥಿಯೇಟರ್ ಕಟ್ಟುವ ಮೊದಲು ಹಳ್ಳಿಗಾಡಿನ ನರ್ಸ್‌ಗಳ ಜೊತೆ ಕೆಲಸ ಮಾಡಿದ್ದನಂತೆ. ಆರೋಗ್ಯದ ಪಾಠವನ್ನು ಕಥೆ ಮಾಡಿ, ಆಡಿ ತೋರಿಸಿ ಹೇಳುವುದನ್ನು ಅವರ ಜೊತೆ ಸೇರಿ ರೂಪಿಸಿದ. 1995ರಲ್ಲಿ ತೀರಿಕೊಂಡ. ಅವನನ್ನು ಕಂಡಿರದ ಮಕ್ಕಳು ಇವತ್ತಿಗೂ ಅದೇ ದಾರಿ ಹಿಡಿದು ಬೀದಿಗೆ ಹೋಗುತ್ತಿದ್ದಾರೆ.

ಮೊದಲು ಒಬ್ಬ ಹುಡುಗ ಎದ್ದ. ಬಕೆಟ್ಟಿನಲ್ಲಿ ನೀರು ತಂದು ಟ್ಯಾಕ್ಸಿ ತೊಳೆಯುವವನಾದ. ಚೆನ್ನಾಗಿತ್ತು. ಆಮೇಲೆ ಒಬ್ಬಳು ತೆಳ್ಳಗಿನ ಹುಡುಗಿ. ಮಗ್ವಿನ್ಯ ಮಾರುವ ಹೆಂಗಸಾದಳು. ಮಗ್ವಿನ್ಯ ಅಂದರೆ ಹುದುಗು ಬರಿಸಿದ ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಉಂಡೆ, ನಮ್ಮ ಮಂಗಳೂರು ಬಜ್ಜಿಯ ಅಕ್ಕನ ಹಾಗಿರುತ್ತದೆ. ಹುಡುಗಿ ಎಷ್ಟೋ ಹೊತ್ತು ಒಂದು ಮಾತೂ ಆಡಲಿಲ್ಲ. ಹಿಟ್ಟು ಚಿವುಟಿದಳು, ಎಣ್ಣೆಗೆ ಬಿಟ್ಟಳು, ಬೆರಳು ಕೊಡವಿದಳು. ಚಿಲ್ಲರೆ ಎಣಿಸಿ ಬಟ್ಟೆಯ ಗಂಟಿಗೆ ಕಟ್ಟಿದಳು. ನಡುನಡುವೆ ಬೆನ್ನ ಮೇಲಿನ ಮಗುವನ್ನು ಕೈಯಿಂದ ಮುಟ್ಟಿ ನೋಡಿದಳು. ಮಗು ಇರಲೇ ಇಲ್ಲ. ಆದರೆ ನನಗೆ ಮಗು ಕಂಡಿತು.

ನಾನಾಗಿದ್ದರೆ ಚಪ್ಪಾಳೆ ಹೊಡೆದುಬಿಡುತ್ತಿದ್ದೆ. ಕಲಿಸುವವರು ಹೊಡೆಯಲಿಲ್ಲ. ಮೆಲ್ಲಗೆ ಕೇಳಿದರು. “ಅವಳಿಗೆ ಕಾಲು ಎಲ್ಲಿ ನೋಯುತ್ತದೆ?”

ಹುಡುಗಿ ಯೋಚಿಸಿದಳು. ನಿನ್ನೆ ನೋಡಿದ್ದನ್ನು ಒಳಗೇ ಹುಡುಕುತ್ತಿದ್ದಳು ಅಂತ ಕಾಣುತ್ತದೆ. ಮತ್ತೆ ನಿಂತಳು. ಈ ಸಲ ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು, ಎಡ ಹಿಮ್ಮಡಿ ಒಂಚೂರು ಎತ್ತಿದಳು. ಅಷ್ಟೇ. ಹಿಟ್ಟು ಚಿವುಟುವ ಕೈ ತಾನಾಗಿ ನಿಧಾನವಾಯಿತು. ಮುಖ ಬಿಗಿಯಿತು. ಇಪ್ಪತ್ತರ ಹುಡುಗಿಗೆ ನಲವತ್ತು ದಾಟಿತು. ಆಮೇಲೆ ಬಾಯಿ ಬಿಟ್ಟಳು. ಸೆಪೆಡಿಯಲ್ಲಿ ಶುರುಮಾಡಿ, ಗಿರಾಕಿ ಬಂದಾಗ ಜುಲುಗೆ ಹೊರಳಿ, ಕೊನೆಗೆ ಇಂಗ್ಲಿಷಿನಲ್ಲಿ ಬೆಲೆ ಹೇಳಿದಳು. ಈ ದೇಶಕ್ಕೆ ಹನ್ನೆರಡು ಅಧಿಕೃತ ಭಾಷೆಗಳು. ಹನ್ನೆರಡನೆಯದು 2023ರಲ್ಲಿ ಸೇರಿದ ಸನ್ನೆ ಭಾಷೆ. ಆ ಕೋಣೆಯಲ್ಲಿ ಯಾವ ಭಾಷೆಯನ್ನೂ ಬಾಗಿಲ ಹೊರಗೆ ಬಿಟ್ಟು ಬರಬೇಕಿಲ್ಲ.

ನನ್ನ ಮನಸ್ಸು ಊರಿಗೆ ಹೋಯಿತು. ನಾನು ಇಷ್ಟು ವರ್ಷ ಮೊದಲ ದಿನವೇ ಮಕ್ಕಳಿಗೆ ಮಾತಿನ ಹಾಳೆ ಹಂಚುತ್ತಿದ್ದೆ. ಬಾಯಿಪಾಠ ಆಗಲಿ, ಆಮೇಲೆ ನಟನೆ ಅಂತ. ಅಡಿಕೆ ಸುಲಿಯುವ ಹೆಂಗಸರ ನಡುವೆ ಬೆಳೆದ ಮಕ್ಕಳವರು. ಅವರನ್ನು ಒಂದು ದಿನವೂ ‘ನೋಡಿಕೊಂಡು ಬಾ’ ಅಂತ ಕಳಿಸಿರಲಿಲ್ಲ.

ಬಿಡುವಿನಲ್ಲಿ ಟ್ಯಾಕ್ಸಿ ತೊಳೆದ ಹುಡುಗ ನನ್ನ ಪಕ್ಕ ಕೂತ. ಊರು ಸೆಬೊಕೆಂಗ್, ದಕ್ಷಿಣಕ್ಕೆ ಸುಮಾರು ದೂರ. ಅಲ್ಲಿ ಚರ್ಚಿನ ಹಾಲ್‌ನಲ್ಲಿ ಒಂದು ತಂಡ ಕಟ್ಟಿಕೊಂಡಿದ್ದರಂತೆ. ಲ್ಯಾಬ್‌ಗೆ ಇನ್ನೊಂದು ಕೆಲಸವೂ ಇದೆ. ಇದರ ಜನ ಇಂಥ ಸಣ್ಣ ಊರು, ಟೌನ್‌ಶಿಪ್‌ಗಳ ತಂಡಗಳ ಹತ್ತಿರ ಹೋಗುತ್ತಾರೆ, ನಾಟಕ ತಿದ್ದಲು ಜೊತೆಗೆ ಕೂರುತ್ತಾರೆ. ಆ ತಂಡಗಳಿಗಾಗಿಯೇ ಜ್ವಕಾಲಾ ಅನ್ನುವ ಉತ್ಸವ ನಡೆಸುತ್ತಾರೆ. ಗೆದ್ದ ನಾಟಕ ಮಾರ್ಕೆಟ್ ಥಿಯೇಟರಿನ ವೇದಿಕೆಗೆ ಬರುತ್ತದೆ. ಜುಲುವಿನಲ್ಲಿ ಜ್ವಕಾಲಾ ಅಂದರೆ ಕೇಳಿಬರುವುದು. ದನಿ ಕಿವಿಗೆ ತಲುಪುವುದು. ಎಂಥ ಹೆಸರು!

“ಕಲಿಯುವುದು ಕಷ್ಟ ಅಲ್ಲ ಮಾ. ದಿನಾ ಟ್ಯಾಕ್ಸಿ ಚಾರ್ಜು ಹೊಂದಿಸುವುದು ಕಷ್ಟ” ಅಂದ. “ಆದರೆ ಮನೆಯಲ್ಲಿ ಅಜ್ಜಿ ಕಾಯುತ್ತಿರುತ್ತಾಳೆ, ಇವತ್ತು ಯಾರನ್ನು ತಂದೆ ಅಂತ ಕೇಳುತ್ತಾಳೆ. ನಾನು ಅವಳಿಗೇ ಮೊದಲು ಆಡಿ ತೋರಿಸುತ್ತೇನೆ.”

ಮೂರೂವರೆಗೆ ಹೊರಗೆ ಬಂದೆ. ಆಕಾಶ ಒಂದು ಕಡೆ ಕಪ್ಪು, ಒಂದು ಕಡೆ ಸುಡುವ ಬಿಸಿಲು. ಕ್ಯಾಬ್ ಕಾಯುತ್ತ ನಿಂತಿದ್ದೆ. ಈ ಎತ್ತರದ ಬಯಲುಸೀಮೆಗೆ ಹೈವೆಲ್ಡ್ ಅನ್ನುತ್ತಾರೆ. ಹೈವೆಲ್ಡ್ ಮಳೆ ಹನಿ ಹಾಕಿ ಹೇಳಿಬರುವುದಿಲ್ಲ. ಸಿಡಿಲು, ಹಿಂದೆಯೇ ಆಲಿಕಲ್ಲು. ಮಲೆನಾಡಿನವಳು ನಾನು, ಮಳೆಗೆ ಹೆದರುವವಳಲ್ಲ. ಆದರೆ ಬ್ಯಾಗಿನ ಜಿಪ್ ಹಾಕಿರಲಿಲ್ಲ. ನೆರಿಗೆ ಎತ್ತಿ ಹಿಡಿದು, ಬ್ಯಾಗು ಅಪ್ಪಿಕೊಂಡು ಮತ್ತೆ ಲ್ಯಾಬ್‌ನ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ನೋಟ್‌ಬುಕ್ ತೊಯ್ದು ಹೋಗಿತ್ತು. ಜೆಲ್ ಪೆನ್ನಿನ ಬರಹ. ಮೂರು ದಿನ ಬರೆದದ್ದೆಲ್ಲ ನೀಲಿ ನೀರಾಗಿ ಹರಿಯುತ್ತಿತ್ತು. “ಅಯ್ಯೋ, ನನ್ನ ಪುಸ್ತಕ!” ಅಂತ ಜೋರಾಗಿಯೇ ಕೂಗಿಬಿಟ್ಟೆ.

ಮಗ್ವಿನ್ಯದ ಹುಡುಗಿ ಅಲ್ಲೇ ನಿಂತಿದ್ದಳು. ತನ್ನ ಸ್ಕಾರ್ಫ್ ತೆಗೆದು ಹಾಳೆಗಳ ಮೇಲೆ ಒತ್ತಿದಳು. “ಇನ್ನು ನೀವೂ ನಮ್ಮ ಹಾಗೆ ನೆನಪಿಟ್ಟುಕೊಳ್ಳಬೇಕು ಮಾ” ಅಂದಳು. ಇಪ್ಪತ್ತು ನಿಮಿಷದಲ್ಲಿ ಮಳೆ ನಿಂತಿತು. ಅಂಗಳದಲ್ಲಿ ಆಲಿಕಲ್ಲು, ಹಬೆ. ಅಕ್ಟೋಬರ್‌ನಲ್ಲಿ ಹೋಗುವವರು ಮಧ್ಯಾಹ್ನ ಮೂರರ ನಂತರ ಕೊಡೆಯಿಲ್ಲದೆ ಹೊರಡಬೇಡಿ. ನೀವು ಈ ತನಕ ಓದಿದ್ದೆಲ್ಲ ಆ ರಾತ್ರಿ ಅಡುಗೆಮನೆ ಟೇಬಲ್ಲಿನ ಮೇಲೆ ನೆನಪಿನಿಂದ ಮತ್ತೆ ಬರೆದದ್ದು.

ನಾಲ್ಕನೇ ದಿನ: ಸೊವೆಟೋ

ಅಕ್ಕನ ಮಗ ರಜೆ ಹಾಕಿದ. ನನ್ನ ಹಟಕ್ಕೆ ಮಿನಿಬಸ್ ಟ್ಯಾಕ್ಸಿಯಲ್ಲೇ ಹೋದೆವು. ಎತ್ತರದ ಮೆಟ್ಟಿಲು, ಸ್ವಲ್ಪ ತಡೆದು ಹತ್ತಿದೆ. ಇದರಲ್ಲಿ ಕಂಡಕ್ಟರ್ ಇಲ್ಲ. ಹಿಂದಿನವರು ದುಡ್ಡನ್ನು ಮುಂದಕ್ಕೆ ಕೈಯಿಂದ ಕೈಗೆ ದಾಟಿಸುತ್ತಾರೆ. ಮುಂದಿನ ಸೀಟಿನಲ್ಲಿ ಕೂತವರೇ ಎಣಿಸಿ, ಚಿಲ್ಲರೆ ಹಿಂದಕ್ಕೆ ಕಳಿಸಬೇಕು. ಲೆಕ್ಕ ಬೇಡ ಅನ್ನುವವರು ಮುಂದೆ ಕೂರಬಾರದು. ನಮ್ಮ ಪಕ್ಕದ ಹೆಂಗಸು ಎಲ್ಲಿ ಇಳಿಯಬೇಕು ಅಂತ ಕೇಳಿಕೊಂಡು, ತಾನೇ ಡ್ರೈವರಿಗೆ ಕೂಗಿದಳು. “ಆಫ್ಟರ್ ರೋಬೋಟ್!” ಸಿಗ್ನಲ್ ದೀಪಕ್ಕೆ ಅಲ್ಲಿ ರೋಬೋಟ್ ಅನ್ನುತ್ತಾರೆ.

ವಿಲಕಾಜಿ ಬೀದಿಗೆ ಎಲ್ಲರೂ ಹೋಗುತ್ತಾರೆ, ಮಂಡೇಲಾ ಮತ್ತು ಟುಟು ಮನೆಗಳಿವೆ ಅಂತ. ಬೀದಿಯ ಹೆಸರು ಮಾತ್ರ ಒಬ್ಬ ಜುಲು ಕವಿಯದು, ಬಿ.ಡಬ್ಲ್ಯೂ. ವಿಲಕಾಜಿ. ನನಗೆ ಅದೇ ಹೆಚ್ಚು ಖುಷಿಯಾಯಿತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹೆಕ್ಟರ್ ಪೀಟರ್ಸನ್ ಸ್ಮಾರಕ. 16 ಜೂನ್ 1976ರಂದು ಗುಂಡಿಗೆ ಬಿದ್ದ ಹುಡುಗ. ಗಣಿತ, ಸಮಾಜ ಪಾಠಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಯಬೇಕು ಅಂತ ಸರ್ಕಾರ ಹೇರಿತ್ತು. ಮಕ್ಕಳು ಬೇಡ ಅಂತ ಬೀದಿಗೆ ಬಂದರು. ಕನ್ನಡದ ಟೀಚರಾಗಿ ಅಲ್ಲಿ ನಿಂತಾಗ ಗಂಟಲು ಕಟ್ಟಿತು. ಇದಕ್ಕಿಂತ ಜಾಸ್ತಿ ಬರೆಯಲು ಆಗುತ್ತಿಲ್ಲ.

ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಪಾಪ್ ಊಟ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಚಕಲಾಕ ಅನ್ನುವ ಖಾರದ ತರಕಾರಿ ಗೊಜ್ಜು. ಮಾಂಸ ಬೇಡ ಅಂದಾಗ ಹೋಟೆಲಿನ ಅಜ್ಜಿಗೆ ಬೇಜಾರಾಯಿತು. ಒಳಗೆ ಹೋಗಿ ಒಂದು ಬಟ್ಟಲು ಅಮಾಸಿ ತಂದಿಟ್ಟಳು. ಹುಳಿ ಬಂದ ಗಟ್ಟಿ ಹಾಲು, ನಮ್ಮ ಮೊಸರೇ. ಮುದ್ದೆ ಮುರಿದು ಮೊಸರಿಗೆ ಕಲಸಿ ಕೈಯಲ್ಲಿ ಉಂಡೆ. ಅಜ್ಜಿ ಎದುರು ಕೂತು ನೋಡಿದಳು. “ನಿನಗೆ ಇದನ್ನು ಯಾರು ಕಲಿಸಿದರು?” ಅಂದಳು. ನಮ್ಮಮ್ಮ ಅಂದೆ.

ನಾಟಕದ ಮಾತು ಬಂದಾಗ ಅವಳೇ ಗಿಬ್ಸನ್ ಕೆಂಟೆ ಹೆಸರು ತೆಗೆದಳು. ಚಿಕ್ಕವಳಿದ್ದಾಗ ಹಾಲ್‌ನಲ್ಲಿ ಅವನ ನಾಟಕ ನೋಡಿದ್ದಳಂತೆ. ಹಾಡು, ಕುಣಿತ, ಅಳು, ನಗು ಎಲ್ಲ ತುಂಬಿದ ನಾಟಕಗಳನ್ನು ಬಸ್ಸಿನಲ್ಲಿ ಹೇರಿಕೊಂಡು ಟೌನ್‌ಶಿಪ್‌ನಿಂದ ಟೌನ್‌ಶಿಪ್‌ಗೆ ತಿರುಗಿದವನು ಕೆಂಟೆ. ನಮ್ಮ ಕಂಪನಿ ನಾಟಕದ ಕಾಲ ನೆನಪಾಗುತ್ತದೆ. ನಟರಾಗಬೇಕು ಅಂತ ಬಂದ ಹುಡುಗರನ್ನು ಸೊವೆಟೋದಲ್ಲೇ ಪಳಗಿಸಿದ. ಅವನ ತಂಡದಲ್ಲೇ ಪರ್ಸಿ ಎಂಟ್ವಾ ಮತ್ತು ಎಂಬೊಂಗೆನಿ ಎನ್‌ಗೆಮಾ ಜೊತೆಯಾದರು. ಇಬ್ಬರಿಗೂ ಒಂದು ಯೋಚನೆ ಬಂತು. ಏಸುಕ್ರಿಸ್ತ ಮರಳಿ ಬಂದು ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಇಳಿದರೆ? ಅದನ್ನು ಬಾರ್ನಿ ಸೈಮನ್ ಹತ್ತಿರ ತಂದರು. ಮೂವರೂ ಸೇರಿ ಕಟ್ಟಿದ ‘ವೋಜಾ ಆಲ್ಬರ್ಟ್’ 1981ರಲ್ಲಿ ಆ ಹಣ್ಣಿನ ಮಂಡಿಯಲ್ಲೇ ತೆರೆ ಕಂಡಿತು. ಇಬ್ಬರೇ ನಟರು. ಬೀದಿಯ ಕ್ಷೌರಿಕ, ಇಟ್ಟಿಗೆ ಗೂಡಿನ ಕೂಲಿ, ಪೊಲೀಸ್, ಮಾಂಸ ಮಾರುವವನು, ಎಲ್ಲರೂ ಅವರೇ. ಮೂಗಿಗೊಂದು ಗುಂಡು ಮೂಗು ಸಿಕ್ಕಿಸಿದರೆ ಬಿಳಿಯ ಅಧಿಕಾರಿ. ಜಗತ್ತನ್ನೇ ಸುತ್ತಿತು ಆ ನಾಟಕ.

ನಿನ್ನೆಯ ಹುಡುಗಿ ಇಲ್ಲದ ಮಗುವನ್ನು ಮುಟ್ಟಿದ್ದು ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಅರಮನೆ ಪರದೆ, ವೇಷಭೂಷಣಕ್ಕೆ ಕಾಸಿಲ್ಲದವರು ಮೈಯನ್ನೇ ಪರದೆ ಮಾಡಿಕೊಂಡರು. ಅದನ್ನೇ ಒಂದು ಕಲಿಕೆಯಾಗಿ ಲ್ಯಾಬ್ ಉಳಿಸಿಕೊಂಡಿದೆ.

ವಾಪಸ್ ಬರುವಾಗ ಜಬುಲಾನಿಯಲ್ಲಿ ಸೊವೆಟೋ ಥಿಯೇಟರ್ ಹೊರಗಿನಿಂದ ನೋಡಿದೆವು. 2012ರಲ್ಲಿ ತೆರೆದದ್ದು. ಕೆಂಪು, ಹಳದಿ, ನೀಲಿ ಬಣ್ಣದ ದೊಡ್ಡ ಕಟ್ಟಡ. ಅವತ್ತು ನಾಟಕ ಇರಲಿಲ್ಲ.

ಐದನೇ ದಿನ: ವಿಂಡಿಬ್ರೋ, ಮತ್ತೆ ನ್ಯೂಟೌನ್

ರಾತ್ರಿ ವಿಮಾನ. ಬೆಳಗ್ಗೆ ಹಿಲ್‌ಬ್ರೋ ಕಡೆ ವಿಂಡಿಬ್ರೋಗೆ ಹೋದೆ. 1896ರಲ್ಲಿ ಗಣಿ ಎಂಜಿನಿಯರ್ ಒಬ್ಬ ಕಟ್ಟಿಸಿದ ಮನೆ, ಮರದ ಪಟ್ಟಿಗಳ ಗೋಡೆ. ಸುತ್ತ ಎತ್ತರದ, ಬಣ್ಣ ಹೋದ ಅಪಾರ್ಟ್‌ಮೆಂಟುಗಳು. ಬಾಲ್ಕನಿಗಳ ತುಂಬ ಬಟ್ಟೆ. ಕಾಂಗೋ, ಜಿಂಬಾಬ್ವೆ, ನೈಜೀರಿಯಾ, ಎಲ್ಲೆಲ್ಲಿಂದಲೋ ಬಂದವರು ಇಲ್ಲಿದ್ದಾರೆ. ಒಬ್ಬರೇ ನಡೆದು ಸುತ್ತುವ ಜಾಗ ಇದಲ್ಲ, ಕ್ಯಾಬ್ ಬಾಗಿಲ ತನಕ ಹೋಗಬೇಕು. 2016ರಿಂದ ಈ ಮನೆಯೂ ಮಾರ್ಕೆಟ್ ಥಿಯೇಟರ್ ಫೌಂಡೇಶನ್‌ನ ಕೈಯಲ್ಲಿದೆ. ಅಲ್ಲಿ ಆಫ್ರಿಕಾದ ದೇಶಗಳ ಪುಸ್ತಕ ಓದುವ ಕೋಣೆಗಳಿವೆ. ಶಾಲೆ ಬಿಟ್ಟ ಮೇಲೆ ಆ ಅಪಾರ್ಟ್‌ಮೆಂಟುಗಳ ಮಕ್ಕಳು ಬರುತ್ತಾರೆ, ಓದುತ್ತಾರೆ, ಆಡುತ್ತಾರೆ.

ನಾನು ಹೋದಾಗ ಶಾಲೆಗೆ ಹೋಗದ ಸಣ್ಣ ಮಕ್ಕಳು ಮೂರ್ನಾಲ್ಕು ಜನ ಇದ್ದರು. ಒಬ್ಬ ಹುಡುಗಿ ನನ್ನ ಬಳೆ ಎಣಿಸಿದಳು. ನಾನು ಒಂದು ಕಥೆ ಹೇಳಿದೆ, ಗೋವಿನ ಹಾಡಿನ ಪುಣ್ಯಕೋಟಿ. ಇಂಗ್ಲಿಷಿನಲ್ಲಿ ಹೇಳಿದೆ, ಆದರೆ ಹುಲಿ ಬಂದಾಗ ಕನ್ನಡ ತಾನಾಗಿ ಬಂತು. ಯಾರಿಗೂ ತೊಂದರೆ ಆಗಲಿಲ್ಲ. ಹಸು ಮಾತಿಗೆ ತಪ್ಪದೆ ವಾಪಸ್ ಬಂತು ಅಂದಾಗ ಬಳೆಯ ಹುಡುಗಿ “ಬರಬಾರದಿತ್ತು” ಅಂದಳು. ಅವಳ ಅಮ್ಮ ಕೆಲಸಕ್ಕೆ ಹೋಗಿದ್ದಳು, ರಾತ್ರಿ ಬರುತ್ತಾಳಂತೆ. “ಕರುವಿನ ಹತ್ತಿರವೇ ಇರಬೇಕಿತ್ತು” ಅಂದಳು. ನಾನು ಆ ಕಥೆಯನ್ನು ನೂರಾರು ಸಲ ಹೇಳಿದ್ದೇನೆ. ಯಾವ ಮಗುವೂ ಹಾಗೆ ಅಂದಿರಲಿಲ್ಲ.

ಮಧ್ಯಾಹ್ನ ನ್ಯೂಟೌನ್‌ನಲ್ಲಿ ಮಾರ್ಕೆಟ್ ಫೋಟೋ ವರ್ಕ್‌ಶಾಪ್ ನೋಡಿದೆ. ಅದನ್ನೂ 1989ರಲ್ಲೇ, ಫೋಟೋಗ್ರಾಫರ್ ಡೇವಿಡ್ ಗೋಲ್ಡ್‌ಬ್ಲಾಟ್ ಶುರುಮಾಡಿದ್ದು. ಅಲ್ಲೂ ಹುಡುಗ ಹುಡುಗಿಯರು, ಕುತ್ತಿಗೆಯಲ್ಲಿ ಕ್ಯಾಮೆರಾ.

ಕೊನೆಗೆ ಲ್ಯಾಬ್‌ಗೆ ಹೋದೆ, ಹೇಳಿ ಹೋಗೋಣ ಅಂತ. ಜೊತೆಗೆ ಕೋಡುಬಳೆಯ ಡಬ್ಬಿ. ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡು ಬೆರಳಿಗೆ ಸಿಕ್ಕಿಸಿಕೊಂಡರು. ಸೆಬೊಕೆಂಗ್‌ನ ಹುಡುಗ ಅಜ್ಜಿಗೆ ಅಂತ ಎರಡು ಕಾಗದದಲ್ಲಿ ಸುತ್ತಿಟ್ಟ. ಹೊರಡಬೇಕು ಅನ್ನುವಾಗ ಮಗ್ವಿನ್ಯದ ಹುಡುಗಿ ಕೈ ಹಿಡಿದು ಕೂರಿಸಿದಳು. “ಮಾ, ಐದು ನಿಮಿಷ. ಒಬ್ಬರನ್ನು ತೋರಿಸಬೇಕು.”

ಅವಳು ಕೋಣೆಯ ನಡುವೆ ಹೋಗಿ ನಿಂತಳು. ಜೀನ್ಸ್ ಹಾಕಿದ್ದಳು. ಆದರೆ ಎಡಗೈಯಲ್ಲಿ ಇಲ್ಲದ ನೆರಿಗೆ ಎತ್ತಿ ಹಿಡಿದಳು, ಬಲಗೈಯಲ್ಲಿ ಇಲ್ಲದ ಬ್ಯಾಗು ಎದೆಗೆ ಒತ್ತಿಕೊಂಡಳು. ತಲೆ ಬಗ್ಗಿಸಿ ಓಡಿಬಂದಳು. ಗೋಡೆಯ ಬಳಿ ನಿಂತು, ಉಸಿರು ಬಿಟ್ಟು, ಬ್ಯಾಗಿನಿಂದ ಏನೋ ತೆಗೆದಳು. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. “ಅಯ್ಯೋ, ನನ್ನ ಪುಸ್ತಕ” ಅಂದಳು. ಕನ್ನಡದಲ್ಲಿ. ನನ್ನ ದನಿಯಲ್ಲಿ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಲಿಸುವವರು ನನ್ನ ಕಡೆ ನೋಡಿದರು, ಆಮೇಲೆ ಅವಳ ಕಡೆ ತಿರುಗಿ ಕೇಳಿದರು. “ಅವರಿಗೆ ಕಾಲು ಎಲ್ಲಿ ನೋಯುತ್ತದೆ?”

ಹುಡುಗಿ ಯೋಚಿಸಲೇ ಇಲ್ಲ. ಬಗ್ಗಿ ಎಡ ಮಂಡಿಯ ಮೇಲೆ ಅಂಗೈ ಇಟ್ಟಳು.

ನನ್ನ ಎಡ ಮಂಡಿ ನೋವಿನ ವಿಷಯ ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ.